ಚದರ ಕಿಲೋಮೀಟರಿಗೆ ಇಬ್ಬರು: ಸ್ಪಿತಿಯಲ್ಲಿ ಒಬ್ಬ ಪಿಡಿಒ ಜೊತೆ

ಹಿಮಾಚಲದ ಲಾಹೌಲ್-ಸ್ಪಿತಿ ಜಿಲ್ಲೆ ನಮ್ಮ ಬೆಳಗಾವಿ ಜಿಲ್ಲೆಗಿಂತ ಚೂರು ದೊಡ್ಡದು. ಬೆಳಗಾವಿ 13,415 ಚದರ ಕಿ.ಮೀ., ಇದು 13,841. 2011ರ ಜನಗಣತಿಯಲ್ಲಿ ಬೆಳಗಾವಿಯ ಲೆಕ್ಕ ಸುಮಾರು 47.8 ಲಕ್ಷ. ಲಾಹೌಲ್-ಸ್ಪಿತಿಯದು 31,564. ಚದರ ಕಿಲೋಮೀಟರಿಗೆ ಇಬ್ಬರು. ಅದೂ ಅದರ ಹಿಂದಿನ ಗಣತಿಯ 33,224ರಿಂದ ಇಳಿದು.

ಈ ಅಂಕಿ ಹಿಡಿದುಕೊಂಡು ಹೊರಟವನು ನನ್ನ ಗೆಳೆಯ. ಹಾಸನದ ಕಡೆ ಒಂದು ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ನಾನು ಬೆಟ್ಟ ನೋಡೋಣ ಅಂತ ಕರೆದೆ. ಅವನು ಬೆಟ್ಟದ ಮೇಲೆ ಯಾರು ಸಹಿ ಹಾಕುತ್ತಾರೆ ನೋಡಬೇಕು ಅಂತ ಬಂದ. ರಜೆ ಹಾಕಿ ಬಂದವನು ಎಲ್ಲಿ ಪಂಚಾಯತ್ ಘರ್ ಅಂತ ಬೋರ್ಡ್ ಕಂಡರೂ ಕಾರು ನಿಲ್ಲಿಸಿ ಅನ್ನುತ್ತಿದ್ದ. ಮೊದಮೊದಲು ರೇಗುತ್ತಿತ್ತು. ಆಮೇಲೆ ನಾನೇ ಬೋರ್ಡ್ ಹುಡುಕತೊಡಗಿದೆ.

ಶನಿವಾರ: ಶಿಮ್ಲಾದಿಂದ ಕಲ್ಪಾ

ಶಿಮ್ಲಾದಲ್ಲಿ ಕಾರು ಗೊತ್ತುಮಾಡಿಕೊಂಡೆವು. ಡ್ರೈವರ್ ರಾಂಪುರದವರು. ಮಾತು ಕಮ್ಮಿ, ಹಾರ್ನ್ ಅದಕ್ಕಿಂತ ಕಮ್ಮಿ. ಸೆಪ್ಟೆಂಬರ್ ಕೊನೆಯ ದಿನಗಳು, ಸೇಬಿನ ಕಾಲ. ನಾರ್ಕಂಡಾ ದಾಟುವವರೆಗೂ ಸೇಬಿನ ಪೆಟ್ಟಿಗೆ ತುಂಬಿದ ಪಿಕಪ್ ಒಂದಲ್ಲ ಒಂದು ಮುಂದೆ ಇದ್ದೇ ಇತ್ತು. ದಾರಿಬದಿಯಲ್ಲಿ ತಿಂದ ಸಿಡ್ಡು ಬಿಸಿಯಾಗಿತ್ತು, ಮೇಲೆ ಸುರಿದ ತುಪ್ಪ ಕೈ ಮಣಿಕಟ್ಟಿನವರೆಗೂ ಇಳಿಯಿತು.

ಕಿನ್ನೌರ್ ಶುರುವಾದ ಮೇಲೆ ರಸ್ತೆ ಬಂಡೆ ಕೊರೆದು ಮಾಡಿದ್ದು. ಪಕ್ಕದಲ್ಲಿ ಬಂಡೆ, ತಲೆ ಮೇಲೂ ಬಂಡೆ, ಕೆಳಗೆ ಬೂದು ಬಣ್ಣದ ಸತ್ಲಜ್. ನಿಗುಲ್ಸರಿ ಹತ್ತಿರ ಡ್ರೈವರ್ ಹಾಡು ನಿಲ್ಲಿಸಿ ಗಾಜು ಇಳಿಸಿದರು. ಕಲ್ಲು ಉರುಳುವ ಸದ್ದು ಮೊದಲು ಕಿವಿಗೆ ಬೀಳಬೇಕಂತೆ. 2021ರ ಆಗಸ್ಟ್‌ನಲ್ಲಿ ಇಲ್ಲೇ ಗುಡ್ಡ ಕುಸಿದು, ಸರ್ಕಾರಿ ಬಸ್ಸೂ ಅದರಡಿ ಸಿಕ್ಕಿ, 28 ಜನ ಸತ್ತರು. ಆ ಹೊತ್ತಿಗಾಗಲೇ ಕಿನ್ನೌರಿನ ಹುಡುಗರು ‘ನೋ ಮೀನ್ಸ್ ನೋ’ ಅಂತ ಹೋರಾಟ ಶುರು ಮಾಡಿದ್ದರು. ಹೊಸ ಜಲವಿದ್ಯುತ್ ಯೋಜನೆ ಬೇಡ ಅಂತ.

ಕಿನ್ನೌರ್ ಮತ್ತು ಲಾಹೌಲ್-ಸ್ಪಿತಿ ಎರಡೂ ಸಂವಿಧಾನದ ಐದನೇ ಶೆಡ್ಯೂಲಿನಲ್ಲಿ, ಅಂದರೆ ಬುಡಕಟ್ಟು ಪ್ರದೇಶಗಳ ಲೆಕ್ಕದಲ್ಲಿ, ಬರುವ ಜಿಲ್ಲೆಗಳು. 1996ರ ಪೆಸಾ ಕಾಯ್ದೆ ಪ್ರಕಾರ ಇಲ್ಲಿ ಗ್ರಾಮಸಭೆಗೆ ಬೇರೆ ಕಡೆಗಿಂತ ಜಾಸ್ತಿ ತೂಕ. ಪಿಡಿಒ ಕೇಳಿಯೇಬಿಟ್ಟ: “ಗ್ರಾಮಸಭೆ ಬೇಡ ಅಂದರೆ ಕೆಲಸ ನಿಲ್ಲುತ್ತಾ ಭಾಯಿ?”

“ಸಭೆ ಬೇಡ ಅನ್ನುತ್ತೆ ಸರ್‌ಜೀ. ಆಮೇಲೆ ಇನ್ನೊಂದು ಸಭೆ ಕರೀತಾರೆ.”

ಇದನ್ನು ಕೇಳಿ ಇವನು ನಕ್ಕ ನಗು ನೋಡಿದರೆ ಹಾಸನದಲ್ಲೂ ಹಾಗೇ ಇರಬೇಕು.

ಕಲ್ಪಾ ತಲುಪಿದಾಗ ಕಿನ್ನರ ಕೈಲಾಸದ ಮೇಲೆ ಕೊನೆಯ ಬಿಸಿಲು. ಸ್ವತಂತ್ರ ಭಾರತದ ಮೊದಲ ಮತದಾರ ಅನ್ನಿಸಿಕೊಂಡ ಶ್ಯಾಮ್ ಶರಣ್ ನೇಗಿ ಈ ಊರಿನವರು. ದೇಶದ ಬಹುಪಾಲು ಜನ ಮೊದಲ ಚುನಾವಣೆಯಲ್ಲಿ ಮತ ಹಾಕಿದ್ದು 1952ರ ಮೊದಲ ತಿಂಗಳುಗಳಲ್ಲಿ. ಆ ಹೊತ್ತಿಗೆ ಇಲ್ಲಿ ದಾರಿಯೇ ಇರುವುದಿಲ್ಲ. ಹಾಗಾಗಿ ಇಲ್ಲಿ 1951ರ ಅಕ್ಟೋಬರ್ 25ಕ್ಕೇ ಮತದಾನ ಮುಗಿಸಿದರು. ನೇಗಿಯವರು ಮೇಷ್ಟ್ರು. ಅವತ್ತು ಬೇರೆ ಊರಲ್ಲಿ ಚುನಾವಣಾ ಡ್ಯೂಟಿ ಇತ್ತು. ಬೆಳಗ್ಗೆ ಬೇಗ ಬಂದು ಮತ ಹಾಕಿ ಹೊರಟರು. 2022ರ ನವೆಂಬರ್ 5ರಂದು ತೀರಿಕೊಂಡರು. ಅದಕ್ಕೆ ಕೆಲವೇ ದಿನ ಮುಂಚೆ ಮನೆಯಿಂದಲೇ ಅಂಚೆ ಮತ ಹಾಕಿದ್ದರು.

ಹಿಮ ಬೀಳುವ ಮೊದಲು ಸರ್ಕಾರ ತನ್ನ ಕೆಲಸ ಮುಗಿಸಿಕೊಳ್ಳಬೇಕು. ಮುಂದಿನ ದಾರಿಯುದ್ದಕ್ಕೂ ಇದೇ ಕಾನೂನು ಅಂತ ನಮಗೆ ಆಗ ಗೊತ್ತಿರಲಿಲ್ಲ.

ಭಾನುವಾರ: ನಾಕೋ, ಗ್ಯೂ, ತಾಬೋ

ರೆಕಾಂಗ್ ಪಿಯೋ ಹತ್ತಿರ ಟ್ಯಾಂಕ್ ಪೂರ್ತಿ ತುಂಬಿಸಿ. ನಗದೂ ಅಲ್ಲೇ ತೆಗೆದುಕೊಳ್ಳಿ. ಖಾಬ್‌ನಲ್ಲಿ ಸ್ಪಿತಿ ನದಿ ಬಂದು ಸತ್ಲಜ್ ಸೇರುತ್ತದೆ. ಅಲ್ಲಿಂದ ಮುಂದೆ ಮರಗಳು ಮುಗಿದವು. ಬೆಟ್ಟಗಳು ಕಂದು, ಬೂದಿ, ಅಲ್ಲಲ್ಲಿ ನೇರಳೆ. ಎಲ್ಲೋ ಒಂದು ಕಡೆ ಹಸಿರು ತುಂಡು ಕಂಡರೆ ಅಲ್ಲಿ ಊರಿದೆ ಅಂತ ಲೆಕ್ಕ.

ನಾಕೋ ದಾಟಿದ ಮೇಲೆ ಮಾಲಿಂಗ್ ಹತ್ತಿರ ಸಾಲು ನಿಂತಿತ್ತು. ಮೇಲಿಂದ ಕಲ್ಲು ಬೀಳುತ್ತಿದ್ದವು. ಬಿಆರ್‌ಒದ, ಅಂದರೆ ಗಡಿ ರಸ್ತೆ ಸಂಸ್ಥೆಯ ಜೆಸಿಬಿ ಒಂದು ಕಡೆ ಸರಿಸುತ್ತಿತ್ತು, ಬೆಟ್ಟ ಮತ್ತೆ ಸುರಿಯುತ್ತಿತ್ತು. ಊಟದ ಹೊತ್ತು ಅಲ್ಲೇ ಕಳೆಯಿತು. ನಮ್ಮ ಹತ್ತಿರ ಇದ್ದದ್ದು ಕೋಡುಬಳೆ ಮತ್ತು ಕಲ್ಪಾದ ಸೇಬು. ರಸ್ತೆ ಕೆಲಸದ ಹುಡುಗರಿಗೂ ಕೊಟ್ಟೆವು. ಅವರು ಡಬ್ಬಿಯಲ್ಲಿ ಕುದಿಸಿದ ಕಡು ಸಿಹಿ ಚಹಾ ಕೊಟ್ಟರು. ಒಬ್ಬ ಝಾರ್ಖಂಡ್‌ನ ದುಮ್ಕಾ ಕಡೆಯವನು. ಏಪ್ರಿಲ್-ಮೇನಲ್ಲಿ ಬರುವುದು, ಹಿಮ ಶುರುವಾದರೆ ವಾಪಸು. ಅವನಪ್ಪನೂ ಇದೇ ರಸ್ತೆಯಲ್ಲಿ ಕೆಲಸ ಮಾಡಿದವನಂತೆ.

ಪಿಡಿಒಗೆ ಜನಗಣತಿ ನೆನಪಾಯಿತು. ಇಲ್ಲಿಯ ಎಣಿಕೆಯೂ ಚುನಾವಣೆಯಂತೆ ಬೇಗ ನಡೆಯುತ್ತದೆ. 2011ರ ಗಣತಿಗೆ ಉಳಿದ ದೇಶದಲ್ಲಿ ಎಣಿಸಿದ್ದು ಫೆಬ್ರವರಿಯಲ್ಲಿ, ಹಿಮ ಬೀಳುವ ಪ್ರದೇಶಗಳಲ್ಲಿ 2010ರ ಸೆಪ್ಟೆಂಬರ್‌ನಲ್ಲೇ. ಮುಂದಿನ ಗಣತಿಗೂ ಇಲ್ಲಿಗೆ 2026ರ ಅಕ್ಟೋಬರ್ 1, ಉಳಿದ ಕಡೆಗೆ 2027ರ ಮಾರ್ಚ್ 1 ಅಂತ ಗೊತ್ತುಮಾಡಿದ್ದಾರೆ.

“ಸೆಪ್ಟೆಂಬರ್‌ನಲ್ಲಿ ಎಣಿಸಿದರೆ ನೀನು ಇಲ್ಲೇ ಇರುತ್ತೀಯಲ್ಲ. ನಿನ್ನನ್ನು ಎಲ್ಲಿ ಬರೆದುಕೊಂಡರು?” ಅಂತ ಕೇಳಿದ.

“ಬರೆದುಕೊಂಡವರು ಯಾರೂ ನನಗೆ ತೋರಿಸಿಲ್ಲ ಸಾಹೇಬರೆ” ಅಂದ ಹುಡುಗ. ಅಷ್ಟರಲ್ಲಿ ಸೀಟಿ ಊದಿದರು. ಗಾಡಿಗಳು ಒಂದೊಂದಾಗಿ ಓಡಿ ದಾಟಿದವು.

ಸುಮ್‌ದೋದಲ್ಲಿ ಕಿನ್ನೌರ್ ಮುಗಿದು ಲಾಹೌಲ್-ಸ್ಪಿತಿ ಶುರು. ಈ ದಾರಿಗೆ ವಿದೇಶಿಯರಿಗೆ ಪರ್ಮಿಟ್ ಬೇಕು, ನಮಗೆ ಬೇಡ. ಅಲ್ಲಿಂದ ಸ್ವಲ್ಪ ಮುಂದೆ ಬಲಕ್ಕೆ ತಿರುಗಿ ಏರಿದರೆ ಗ್ಯೂ. ಕುಳಿತ ಭಂಗಿಯಲ್ಲೇ ಉಳಿದುಹೋದ ಸಂಘ ತೇನ್‌ಜಿನ್ ಅನ್ನುವ ಲಾಮಾರ ದೇಹ ಇಲ್ಲಿದೆ. 1975ರ ಭೂಕಂಪದಲ್ಲಿ ಸ್ತೂಪ ಕುಸಿದು ಹೊರಗೆ ಬಂದದ್ದು. ಕೂದಲು, ಹಲ್ಲು ಈಗಲೂ ಕಾಣುತ್ತವೆ. ಜನ ಬರುವುದು ಅದಕ್ಕೆ. ಆದರೆ ಅಂಗಡಿಯಲ್ಲಿದ್ದ ಹುಡುಗಿ ನಮಗೆ ಹೇಳಿದ್ದು ಫೋನಿನ ವಿಷಯ. ಊರಿಗೆ ಮೊಬೈಲ್ ಸಿಗ್ನಲ್ ಮೊದಲ ಸಲ ಬಂದದ್ದು 2024ರ ಏಪ್ರಿಲ್‌ನಲ್ಲಿ. ಆಗ ಪ್ರಧಾನಿಯವರೇ ಊರಿನವರ ಜೊತೆ ಫೋನಿನಲ್ಲಿ ಮಾತಾಡಿದ್ದರು. “ಅದಕ್ಕೆ ಮುಂಚೆ ಫೋನ್ ಮಾಡಬೇಕಾದರೆ ಕೆಳಗೆ ಹೋಗಬೇಕಿತ್ತು. ಈಗ ಎಲ್ಲರೂ ರೀಲ್ಸ್” ಅಂದಳು.

ತಾಬೋ ತಲುಪಿದಾಗ ಕತ್ತಲು. ಥುಕ್ಪಾ ಕುಡಿದು ಮಲಗಿದ್ದಷ್ಟೇ.

ಸೋಮವಾರ: ತಾಬೋದಿಂದ ಕಾಜಾ

ತಾಬೋದ ಗೋಂಪಾ, ಅಂದರೆ ಬೌದ್ಧ ಮಠ, 996ರದ್ದು. ಹೊರಗೆ ಮಣ್ಣಿನ ಗೋಡೆ, ಒಳಗೆ ಸಾವಿರ ವರ್ಷದ ಬಣ್ಣ. ಒಳಗೆ ಫೋಟೋ ತೆಗೆಯುವಂತಿಲ್ಲ, ಒಂದು ಟಾರ್ಚ್ ಇಟ್ಟುಕೊಳ್ಳಿ. ಪಕ್ಕದ ಲಾರಿಯಲ್ಲಿ ಜಿಲ್ಲೆಯ ನವೋದಯ ಶಾಲೆ ಇದೆ. ರಸ್ತೆಯಲ್ಲಿ ಯೂನಿಫಾರಂ ಹಾಕಿದ ಮಕ್ಕಳು ಕಂಡದ್ದು ಅಲ್ಲಿ ಮಾತ್ರ. ಹಳ್ಳಿಗಳಲ್ಲಿ ಶಾಲೆಯ ಕಟ್ಟಡ ಕಾಣುತ್ತದೆ, ಮಕ್ಕಳು ಕಾಣುವುದಿಲ್ಲ. ಮಕ್ಕಳು ಶಿಮ್ಲಾದಲ್ಲೋ ಮನಾಲಿಯಲ್ಲೋ ಓದುತ್ತಿರುತ್ತಾರೆ, ಅವರನ್ನು ನೋಡಿಕೊಳ್ಳಲು ಮನೆಯವರೂ ಒಬ್ಬರು ಹೋಗಿರುತ್ತಾರೆ. ಅಂಕಿ ಹೀಗೇ ಇಳಿಯುತ್ತದೆ. ಯಾರೂ ಊರು ಬಿಟ್ಟೆವು ಅನ್ನುವುದಿಲ್ಲ.

ಢಂಕರ್ ಸ್ಪಿತಿಯ ಹಳೆಯ ರಾಜಧಾನಿ. ಮಣ್ಣಿನ ಕೋಡುಗಲ್ಲುಗಳ ತುದಿಯಲ್ಲಿ ಕೋಟೆ ಮತ್ತು ಗೋಂಪಾ. ಒಳಗೆ ಒಂದು ಸಲಕ್ಕೆ ಇಷ್ಟೇ ಜನ ಅಂತ ಮಿತಿ, ನೆಲ ತಡೆಯುವುದಿಲ್ಲ ಅಂತ. ಹಿಂದೆ ಸ್ಪಿತಿ ನಡೆಸುತ್ತಿದ್ದದ್ದು ನೋನೋ ಅನ್ನುವ ವಂಶದ ಮುಖ್ಯಸ್ಥ. ಬ್ರಿಟಿಷರು ಬಂದ ಮೇಲೂ ಅವನನ್ನೇ ಇಟ್ಟುಕೊಂಡರು. ಕುಲ್ಲುವಿನಿಂದ ಸಾಹೇಬರು ಬರುವುದು ಯಾವಾಗಲೋ ಒಮ್ಮೆ. 1873ರಲ್ಲಿ ಸ್ಪಿತಿಗೇ ಅಂತ ಒಂದು ರೆಗ್ಯುಲೇಶನ್ ಮಾಡಿ ನೋನೋನ ಕೈಗೆ ವಿಚಾರಣೆಯ ಅಧಿಕಾರ ಕೊಟ್ಟರು. ಕೊಲೆ ಬಿಟ್ಟು ಉಳಿದದ್ದನ್ನೆಲ್ಲ ಅವನೇ ತೀರ್ಮಾನ ಮಾಡುವುದು, ಶಿಕ್ಷೆ ಅಂದರೆ ದಂಡ.

“ಜೈಲು ಕಟ್ಟೋ ಖರ್ಚು ಉಳೀತು” ಅಂದ ಪಿಡಿಒ. ಅವನಿಗೆ ಢಂಕರ್ ಕೆರೆಗೆ ಹತ್ತಬೇಕು ಅನ್ನಿಸಿತ್ತು. ಅರ್ಧ ದಾರಿಯಲ್ಲಿ ಉಸಿರು ಸಿಗದೆ ಕೂತ. ಗುಡ್ಡದ ಮೇಲಿಂದ ಇಳಿಯುತ್ತಿದ್ದ ಅಜ್ಜಿ ಬೆನ್ನ ಮೇಲೆ ಹುಲ್ಲಿನ ಹೊರೆ ಹೊತ್ತುಕೊಂಡೇ ನಿಂತು, “ಜುಲೇ” ಅಂದು, ನಮ್ಮನ್ನು ಕನಿಕರದಿಂದ ನೋಡಿ ಹೋದರು. ಕೆರೆ ನೋಡಲಿಲ್ಲ.

ಮಂಗಳವಾರ: ಕಾಜಾ

ಈ ದಿನ ಯಾವ ಬೆಟ್ಟವೂ ಹತ್ತಲಿಲ್ಲ. ಕಾಜಾ ಸುಮಾರು 3,700 ಮೀಟರ್ ಎತ್ತರದಲ್ಲಿದೆ. ಒಂದು ದಿನ ಇಲ್ಲಿ ಸುಮ್ನೆ ಇದ್ದು ಮೈ ಒಗ್ಗಿಸಿಕೊಂಡು ಮೇಲಿನ ಹಳ್ಳಿಗಳಿಗೆ ಹೋಗಬೇಕು. ಎಟಿಎಂನಲ್ಲಿ ದುಡ್ಡು ಇರಲಿಲ್ಲ, ಪಿಯೋದಲ್ಲಿ ತೆಗೆದದ್ದೇ ಗತಿ. ಪಟ್ಟಣದ ಮಧ್ಯೆ ಒಂದು ಒಣ ಹಳ್ಳ. ಆ ಕಡೆ ಸರ್ಕಾರಿ ಕಟ್ಟಡಗಳು, ಈ ಕಡೆ ಹಳೆಯ ಪೇಟೆ.

ಪಟ್ಟಣ ಅಂದೆ. ಲೆಕ್ಕಕ್ಕೆ ಅದೂ ಹಳ್ಳಿಯೇ. 2011ರ ಗಣತಿಯಲ್ಲಿ ಇಡೀ ಜಿಲ್ಲೆಯಲ್ಲಿ ನಗರವಾಸಿ ಅಂತ ಒಬ್ಬನೂ ಇಲ್ಲ. ಪುರಸಭೆ ಇಲ್ಲ, ಪಟ್ಟಣ ಪಂಚಾಯಿತಿ ಇಲ್ಲ. ಕಾಜಾ ಒಂದು ಗ್ರಾಮ ಪಂಚಾಯಿತಿ. ಸ್ಪಿತಿಯಲ್ಲಿ ಇಂಥವು 13. ಲೋಸರ್‌ನಿಂದ ಗ್ಯೂವರೆಗೆ ಇಡೀ ಕಣಿವೆಯ ಜನ ಸುಮಾರು 12 ಸಾವಿರ. ಒಂದು ಪಂಚಾಯಿತಿಗೆ ಸರಾಸರಿ ಸಾವಿರವೂ ಬರುವುದಿಲ್ಲ. ಕರ್ನಾಟಕದ ಕಾಯ್ದೆ ಒಂದು ಪಂಚಾಯಿತಿಗೆ ಐದರಿಂದ ಏಳು ಸಾವಿರ ಜನ ಅನ್ನುತ್ತದೆ. ಮಲೆನಾಡಿಗೆ ಸ್ವಲ್ಪ ಸಡಿಲ.

“ಸಾವಿರ ಜನ ಆದರೆ ಎಲ್ಲರ ಹೆಸರೂ ಬಾಯಲ್ಲೇ ಇರುತ್ತೆ ಕಣೋ” ಅಂತ ಪಿಡಿಒ ಹೊಟ್ಟೆ ಉರಿದುಕೊಂಡ. ಆಮೇಲೆ ಹಳ್ಳಿ ಹಳ್ಳಿಯ ನಡುವಿನ ದೂರ ನೋಡಿ ಸುಮ್ಮನಾದ.

ಚಹಾ ಅಂಗಡಿಯಲ್ಲಿ ನಿವೃತ್ತ ಗುಮಾಸ್ತರೊಬ್ಬರು ಸಿಕ್ಕರು. ಇವನ ಕೆಲಸ ಕೇಳಿದ ಕೂಡಲೇ ಬೆಂಚು ಹತ್ತಿರ ಎಳೆದುಕೊಂಡರು. ಅವರಿಂದ ಗೊತ್ತಾದದ್ದು ಬಹಳ.

ಜಿಲ್ಲಾ ಕೇಂದ್ರ ಕೇಲಾಂಗ್, ಅದು ಲಾಹೌಲ್‌ನಲ್ಲಿ. ಕಾಜಾಕ್ಕೂ ಕೇಲಾಂಗ್‌ಗೂ ನಡುವೆ 4,551 ಮೀಟರ್ ಎತ್ತರದ ಕುಂಜುಮ್ ಕಣಿವೆದಾರಿ. ಬೇಸಿಗೆಯಲ್ಲಿ ಇನ್ನೂರು ಕಿ.ಮೀ. ಒಳಗೇ. ನವೆಂಬರ್ ಹೊತ್ತಿಗೆ ಹಿಮ ಬಿದ್ದು ಮುಚ್ಚಿದರೆ ಮೇ ಜೂನ್‌ವರೆಗೂ ತೆಗೆಯುವುದಿಲ್ಲ. ಆಗ ತಮ್ಮದೇ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ಕಿನ್ನೌರ್, ಶಿಮ್ಲಾ, ಮನಾಲಿ ಸುತ್ತಬೇಕು. ಆರೇಳು ನೂರು ಕಿ.ಮೀ. ಅದಕ್ಕೇ ಕಾಜಾದಲ್ಲಿ ಒಬ್ಬ ಎಡಿಸಿ, ಅಂದರೆ ಹೆಚ್ಚುವರಿ ಜಿಲ್ಲಾಧಿಕಾರಿ ಕೂರುತ್ತಾರೆ. ಇಲ್ಲಿನ ವ್ಯವಸ್ಥೆಗೆ ‘ಸಿಂಗಲ್ ಲೈನ್’ ಆಡಳಿತ ಅಂತ ಹೆಸರು. ಕೃಷಿ, ನೀರು, ಆಸ್ಪತ್ರೆ, ಲೋಕೋಪಯೋಗಿ ಎಲ್ಲ ಇಲಾಖೆಯವರೂ ಇವರ ಕೈಕೆಳಗೆ. ಪ್ರತಿ ಇಲಾಖೆಯೂ ಶಿಮ್ಲಾದ ಕಡೆ ಮುಖ ಮಾಡಿ ಕೂತರೆ ಚಳಿಗಾಲದಲ್ಲಿ ಇಲ್ಲಿ ಯಾವ ಕೆಲಸವೂ ಆಗುವುದಿಲ್ಲ ಅಂತ ಮಾಡಿದ್ದು.

“ಎಡಿಸಿ ಸಾಹೇಬರಿಗೆ ಸೆಪ್ಟೆಂಬರ್ ಅಂದರೆ ಸೌದೆ, ಗ್ಯಾಸು, ಅಕ್ಕಿ” ಅಂದರು ಗುಮಾಸ್ತರು. ಚಳಿಗಾಲಕ್ಕೆ ಬೇಕಾದ ಪಡಿತರ, ಸಿಲಿಂಡರ್, ಸೌದೆ ಎಲ್ಲ ಈಗಲೇ ಬಂದು ಗೋದಾಮು ಸೇರಬೇಕು. ಸೌದೆ ಕೂಡ ಹೊರಗಿನಿಂದಲೇ. ಇಲ್ಲಿ ಮರವೆಲ್ಲಿ? ಹಾಗಂತ ಕಡತಗಳ ಕೆಲಸ ನಿಲ್ಲುವುದಿಲ್ಲ. ಆದರೆ ಹಿಮ ಬೀಳುವ ಮೊದಲು ಯಾವ ಕಡತವೂ ಸೌದೆಯ ಲಾರಿಗಿಂತ ಮುಖ್ಯ ಅಲ್ಲ.

ಪಂಚಾಯಿತಿ ಚುನಾವಣೆಗೂ ಬೇರೆ ತಾರೀಕು. ಹಿಮಾಚಲದ ಉಳಿದ ಕಡೆ 2021ರ ಜನವರಿಯಲ್ಲಿ ನಡೆದದ್ದು, ಇಲ್ಲಿ ನಡೆದದ್ದು ಅದೇ ವರ್ಷ ಮಳೆಗಾಲ ಮುಗಿದ ಮೇಲೆ. ನಮ್ಮಲ್ಲಿ ಅಧ್ಯಕ್ಷರನ್ನು ಸದಸ್ಯರು ಆರಿಸುತ್ತಾರೆ. ಇಲ್ಲಿ ಪ್ರಧಾನ್, ಉಪಪ್ರಧಾನ್ ಇಬ್ಬರನ್ನೂ ಜನರೇ ನೇರವಾಗಿ ಆರಿಸುತ್ತಾರೆ. ಇದು ಕೇಳಿ ಪಿಡಿಒ ಮುಖ ಅರಳಿತು. ರೆಸಾರ್ಟ್ ರಾಜಕೀಯದ ಕಾಟ ತಪ್ಪಿತಲ್ಲ ಅಂತ. “ನೂರೈವತ್ತು ಮನೆ ಇರೋ ಕಡೆ ಪ್ರಚಾರ ಮಾಡೋದು ಹೇಗೆ?” ಅಂತ ಕೇಳಿದ.

“ಪ್ರಚಾರ ಯಾಕೆ? ಎದುರಾಳಿ ನನ್ನ ಭಾವಮೈದ. ಅವನು ಹೇಗೆ ಅಂತ ಎಲ್ಲರಿಗೂ ಗೊತ್ತು.”

2020ರ ಕತೆ ಹೇಳಿದ್ದು ಅಂಗಡಿಯ ಯಜಮಾನಿ. ಕೊರೋನಾ ಸಮಯದಲ್ಲಿ ಸ್ಥಳೀಯ ಸಮಿತಿಯೊಂದು ಹೊರಗಿನಿಂದ ಬಂದವರು ಕ್ವಾರಂಟೈನ್‌ನಲ್ಲಿ ಇರಲೇಬೇಕು ಅಂತ ನಿಯಮ ಮಾಡಿತ್ತು. ಜೂನ್‌ನಲ್ಲಿ ರಾಜ್ಯದ ಕೃಷಿ ಸಚಿವರು ಬಂದರು. ಇದೇ ಕ್ಷೇತ್ರದ ಶಾಸಕರೂ ಅವರೇ. ಮಹಿಳಾ ಮಂಡಲದ ಹೆಂಗಸರು ರಸ್ತೆಗೆ ಅಡ್ಡ ನಿಂತರು. ನಿಯಮ ಎಲ್ಲರಿಗೂ ಒಂದೇ ಅಂದರು. ಸಚಿವರು ವಾಪಸ್ ಹೋದರು. ಹೆಂಗಸರ ಮೇಲೆ ಕೇಸೂ ಬಿತ್ತು. ಆ ಬೇಸಿಗೆ ಪ್ರವಾಸಿಗರನ್ನೂ ಬಿಟ್ಟುಕೊಳ್ಳಲಿಲ್ಲ. ಹೋಟೆಲಿನ ಮೇಲೆ ಬದುಕುವ ಊರಿನವರೇ ಹಾಗೆ ತೀರ್ಮಾನ ಮಾಡಿದ್ದು. ಆಸ್ಪತ್ರೆ ಇರುವುದು ಇಷ್ಟೇ, ನಾವೇ ನೋಡಿಕೊಳ್ಳಬೇಕು ಅಂತ. ಹೇಳುವಾಗ ಆಕೆಯ ದನಿಯಲ್ಲಿ ಜಂಬ ಇರಲಿಲ್ಲ, ಮೊಮೊ ಮಡಚುತ್ತಲೇ ಹೇಳಿದರು.

ಬುಧವಾರ: ಲಾಂಗ್ಜಾ, ಹಿಕ್ಕಿಂ, ಕೋಮಿಕ್

ಬೆಳಗ್ಗೆ ಪಿಡಿಒಗೆ ತಲೆ ಒಡೆದುಹೋಗುವಷ್ಟು ನೋವು. ಬೆಳ್ಳುಳ್ಳಿ ಸೂಪು ಕುಡಿಸಿ ಮಧ್ಯಾಹ್ನದವರೆಗೂ ಕಾದೆವು. ಇಳಿಯದಿದ್ದರೆ ಮೇಲೆ ಹೋಗಬಾರದು, ಇದರಲ್ಲಿ ಹಟ ಬೇಡ. ಅದೃಷ್ಟಕ್ಕೆ ಇಳಿಯಿತು.

ಜಗತ್ತಿನ ಅತಿ ಎತ್ತರದ್ದು ಅಂತ ಹೆಸರಾದ ಹಿಕ್ಕಿಂನ ಅಂಚೆ ಕಚೇರಿ 1983ರಿಂದ ಇದೆ. ಪಿನ್ 172114. ನಾವೂ ಎಲ್ಲರ ಹಾಗೆ ಕಾರ್ಡು ಹಾಕಿದೆವು. ನೋಡಬೇಕಾದದ್ದು ಪ್ರವಾಸಿಗರ ಸಾಲು ಅಲ್ಲ. ಊರಿನ ಹೆಂಗಸೊಬ್ಬರು ಉಳಿತಾಯ ಖಾತೆಯ ಪಾಸ್‌ಬುಕ್ ಹಿಡಿದು ನಮ್ಮ ಹಿಂದೆ ತಾಳ್ಮೆಯಿಂದ ನಿಂತಿದ್ದರು. ನಾವು ಜಾಗ ಬಿಟ್ಟೆವು. ನೀವು ಹೋದರೂ ಹಾಗೇ ಮಾಡಿ, ಅದು ಮೊದಲು ಅವರ ಅಂಚೆ ಕಚೇರಿ. ಕೋಮಿಕ್‌ನಲ್ಲಿ ಗಾಳಿ ಎಷ್ಟು ಜೋರು ಅಂದರೆ ಕಾರಿನ ಬಾಗಿಲು ಕೈಗೆ ಸಿಗಲಿಲ್ಲ.

ಲಾಂಗ್ಜಾದಲ್ಲಿ ಹೋಂಸ್ಟೇ. ಊರ ಮೇಲೆ ದೊಡ್ಡ ಬುದ್ಧ, ಹಿಂದೆ 6,303 ಮೀಟರಿನ ಚೌ ಚೌ ಕಾಂಗ್ ನಿಲ್ಡಾ. ಮಕ್ಕಳು ಶಂಖದ ಆಕಾರದ ಪಳೆಯುಳಿಕೆ ಮಾರಲು ಬರುತ್ತಾರೆ, ಕೊಳ್ಳಬೇಡಿ. ಬಟಾಣಿ ಕೊಯ್ಲು ಮುಗಿದು ಗದ್ದೆಗಳು ಬೋಳಾಗಿದ್ದವು. ಸ್ಪಿತಿಯ ಹಸಿ ಬಟಾಣಿಗೆ ಕೆಳಗಿನ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ. ಒಲೆಯ ಸುತ್ತ ಕೂತು ಟಿಂಗ್ಮೋ ಮತ್ತು ಬಟಾಣಿ ಪಲ್ಯ ತಿಂದೆವು. ಒಲೆಗೆ ಸಗಣಿ ಬೆರಣಿ. ಶೌಚಾಲಯಕ್ಕೆ ನೀರಿಲ್ಲ. ಗುಂಡಿಯ ಮೇಲೆ ಮಣ್ಣು ಸುರಿಯುವುದು, ವಸಂತದಲ್ಲಿ ಅದೇ ಗೊಬ್ಬರ. ನೀರು ಹೆಪ್ಪುಗಟ್ಟುವ ಊರಿಗೆ ಇದಕ್ಕಿಂತ ಬುದ್ಧಿವಂತ ಒಳಚರಂಡಿ ಇಲ್ಲ. ನಮ್ಮ ಪಿಡಿಒ ಟಾರ್ಚ್ ಹಿಡಿದು ಕೆಳಗಿನ ಕೋಣೆಯನ್ನೂ ನೋಡಿಬಂದ. ವೃತ್ತಿಪರ ಆಸಕ್ತಿ.

ಮನೆಯ ಆಂಟಿಗೆ ಐವತ್ತರ ಆಸುಪಾಸು. ಅವರ ಮಾತಿನಿಂದ ನಮಗೆ ಹೊಳೆದದ್ದು ಒಂದು: ಇಲ್ಲಿ ಎರಡು ಸರ್ಕಾರ ಇದೆ. ಒಂದು ತಲೆ ಎಣಿಸುತ್ತದೆ, ಇನ್ನೊಂದು ಮನೆ ಎಣಿಸುತ್ತದೆ. ಪಂಚಾಯಿತಿ, ಎಡಿಸಿ, ಶಾಸಕರದು ತಲೆ ಲೆಕ್ಕ. ಊರಿನದು ಮನೆ ಲೆಕ್ಕ. ಕೂಲ್‌ನಲ್ಲಿ, ಅಂದರೆ ಹಿಮದ ನೀರಿನ ಕಾಲುವೆಯಲ್ಲಿ, ಯಾವ ಮನೆಗೆ ಯಾವಾಗ ನೀರು ಅನ್ನುವುದು ಪಾಳಿ. ದನ ಕಾಯಲು ಇವತ್ತು ಈ ಮನೆ, ನಾಳೆ ಆ ಮನೆ. ಕಾಲುವೆ ಸೋಸಲು ಪ್ರತಿ ಮನೆಯಿಂದ ಒಬ್ಬರು ಬರಬೇಕು. ಬಾರದಿದ್ದರೆ ದಂಡ. ದೆಮುಲ್ ಅನ್ನುವ ಊರಲ್ಲಂತೂ ಪ್ರವಾಸಿಗರನ್ನೂ ಪಾಳಿಯ ಮೇಲೆ ಮನೆಗಳಿಗೆ ಹಂಚುತ್ತಾರೆ, ಯಾರಿಗೂ ಜಾಸ್ತಿ ಕಮ್ಮಿ ಆಗದ ಹಾಗೆ. ಊರಿನ ಗತ್ಪೋ, ಅಂದರೆ ಹಳೆಯ ಕಾಲದ ಮುಖಂಡನ ಕೆಲಸ ಇದನ್ನೆಲ್ಲ ನೋಡಿಕೊಳ್ಳುವುದು.

ಮನೆ ಲೆಕ್ಕ ಬಂದದ್ದು ಹಳೆಯ ಪದ್ಧತಿಯಿಂದ. ದೊಡ್ಡ ಮಗನಿಗೆ ದೊಡ್ಡ ಮನೆ, ಎಲ್ಲ ಜಮೀನು. ಅವನಿಗೆ ಮದುವೆಯಾಗಿ ಮನೆ ವಹಿಸಿಕೊಂಡ ಮೇಲೆ ಅಪ್ಪ ಅಮ್ಮ ಚಿಕ್ಕ ಮನೆಗೆ. ತಮ್ಮಂದಿರು ಗೋಂಪಾಕ್ಕೆ. ಜಮೀನು ತುಂಡಾಗಲಿಲ್ಲ, ಮನೆ ಹೆಚ್ಚಲಿಲ್ಲ, ಜನವೂ ಹೆಚ್ಚಲಿಲ್ಲ. ಇರುವ ನೀರಿಗೆ ಎಷ್ಟು ಜನ ಬದುಕಬಹುದೋ ಅಷ್ಟೇ. ಈಗ ತಮ್ಮಂದಿರು ಗೋಂಪಾದ ಬದಲು ಕಾಜಾದಲ್ಲಿ ಹೋಟೆಲ್, ಮನಾಲಿಯಲ್ಲಿ ಟ್ಯಾಕ್ಸಿ.

“ಹೆಣ್ಣುಮಕ್ಕಳಿಗೆ?” ಅಂದೆ ನಾನು.

ಆಂಟಿ ಒಲೆಗೆ ಇನ್ನೊಂದು ಬೆರಣಿ ಹಾಕಿದರು. “ಪಂಚಾಯಿತಿಯಲ್ಲಿ ಅರ್ಧ ಸೀಟು ನಮ್ಮದು. ನಾನು ಪ್ರಧಾನ್ ಆಗಬಹುದು. ಶಾಸಕಿಯೂ ಆಗಬಹುದು, ಈಗ ಆಗಿದ್ದಾರಲ್ಲ. ಅಪ್ಪನ ಗದ್ದೆ ಮಾತ್ರ ಸಿಗಲ್ಲ.”

ಹಿಂದೂ ಉತ್ತರಾಧಿಕಾರ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ತಾನಾಗಿ ಅನ್ವಯಿಸುವುದಿಲ್ಲ. ಇಲ್ಲಿ ರೂಢಿಯೇ ಕಾನೂನು. ಲಾಹೌಲ್-ಸ್ಪಿತಿ ವಿಧಾನಸಭಾ ಕ್ಷೇತ್ರದಿಂದ 1972ರಲ್ಲಿ ಲತಾ ಠಾಕೂರ್ ಗೆದ್ದಿದ್ದರು. ಇನ್ನೊಬ್ಬ ಮಹಿಳೆ ಗೆಲ್ಲಲು 2024ರ ಉಪಚುನಾವಣೆವರೆಗೆ ಕಾಯಬೇಕಾಯಿತು, ಅನುರಾಧಾ ರಾಣಾ. ಪಾಳಿಯ ಲೆಕ್ಕವನ್ನು ಇಷ್ಟು ಚೆನ್ನಾಗಿ ನಡೆಸುವ ಊರು ಈ ಒಂದು ಲೆಕ್ಕದಲ್ಲಿ ಮಾತ್ರ ಹೀಗ್ಯಾಕೆ ಅನ್ನುವುದು ನನಗೆ ಒಪ್ಪಿಗೆಯಾಗಲಿಲ್ಲ. ಮನೆ ಎಣಿಸುವಾಗ ಆಂಟಿಯಂಥವರು ಎಣಿಕೆಗೆ ಸಿಗುವುದಿಲ್ಲ. ಅವರ ಪರವಾಗಿ ಇರುವುದು ತಲೆ ಎಣಿಸುವ ಸರ್ಕಾರವೇ.

ಗುರುವಾರ: ಚಿಚಂ ಸೇತುವೆ, ತಾಶಿಗಾಂಗ್

ಕೀ ಗೋಂಪಾದಲ್ಲಿ ಲಾಮಾಗಳು ಕೊಟ್ಟ ಗಿಡಮೂಲಿಕೆ ಚಹಾ ಕುಡಿದು ಕಿಬ್ಬರ್ ಕಡೆ ಹೊರಟೆವು. ಕಿಬ್ಬರ್ ಮತ್ತು ಚಿಚಂ ನಡುವೆ ಆಳವಾದ ಕಮರಿ. 2017ರವರೆಗೂ ಜನ ಕಬ್ಬಿಣದ ಹಗ್ಗಕ್ಕೆ ತೂಗುಹಾಕಿದ ತೊಟ್ಟಿಲಲ್ಲಿ ಕೂತು, ತಾವೇ ಎಳೆದುಕೊಂಡು ದಾಟುತ್ತಿದ್ದರು. ಈಗ ಸೇತುವೆ ಇದೆ. ಕೆಳಗೆ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ತಾಶಿಗಾಂಗ್‌ಗೆ ಹೋಗುವ ದಾರಿಯಲ್ಲಿ ನಮ್ಮದೊಂದೇ ಗಾಡಿ. ಎರಡು ಕಡೆ ಭರಲ್, ನೀಲಿಕುರಿಗಳ ಹಿಂಡು. ಊರು ಅಂದರೆ ಕೆಲವೇ ಮನೆ. 15,256 ಅಡಿ ಎತ್ತರ. ಇಲ್ಲೇ ಜಗತ್ತಿನ ಅತಿ ಎತ್ತರದ ಮತಗಟ್ಟೆ. ಪಕ್ಕದ ಗೇಟೆ ಊರಿನವರೂ ಇಲ್ಲೇ ಮತ ಹಾಕುವುದು. 2022ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿನ ಪಟ್ಟಿಯಲ್ಲಿ 52 ಮತದಾರರು. ಇದಕ್ಕೆ ಮುಂಚೆ ಈ ಹೆಗ್ಗಳಿಕೆ ಹಿಕ್ಕಿಂನದಾಗಿತ್ತು.

ಕಾಜಾದಲ್ಲಿ ಸಿಕ್ಕ ಮೇಷ್ಟ್ರೊಬ್ಬರು ಇಲ್ಲಿ ಡ್ಯೂಟಿ ಮಾಡಿದ್ದರು. ಯಂತ್ರ, ಹಾಸಿಗೆ, ಹೀಟರು, ಸ್ಯಾಟಲೈಟ್ ಫೋನು ಎಲ್ಲ ಹೊತ್ತು ಮುಂಚೆಯೇ ಬಂದು ಕೂರುವುದಂತೆ. ಮತದಾನದ ದಿನ ಊರಿನವರು ಹಬ್ಬದ ಬಟ್ಟೆ ಹಾಕಿಕೊಂಡು ಬರುತ್ತಾರೆ. “ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಮುಗಿಸಿರುತ್ತಾರೆ. ಯಾರಾದರೂ ಬರದಿದ್ದರೆ ಎಲ್ಲಿದ್ದಾರೆ ಅಂತ ಊರಿಗೇ ಗೊತ್ತು. ನಾವು ಸಂಜೆವರೆಗೂ ಕೂತಿರಲೇಬೇಕು. ಚಹಾ ಕುಡಿಯುತ್ತಾ ಕೂರುತ್ತೇವೆ.” 2019ರಲ್ಲಿ ಡ್ಯೂಟಿಯಲ್ಲಿದ್ದ ಸಿಬ್ಬಂದಿಯೂ ಇಲ್ಲೇ ಮತ ಹಾಕಿದ್ದರಿಂದ ಶೇಕಡಾ ನೂರನ್ನೂ ದಾಟಿತ್ತು. ಪತ್ರಿಕೆಗಳಲ್ಲಿ ಬಂದ ಸುದ್ದಿ ಅದು.

ಐವತ್ತೆರಡು ಜನರಿಗೆ ಇಷ್ಟೆಲ್ಲ ಬೇಕಾ ಅಂತ ಡ್ರೈವರ್ ಕೇಳಿದರು. ಪಿಡಿಒಗೆ ಸಿಟ್ಟು ಬಂತು. ಮತಗಟ್ಟೆ ಎರಡು ಕಿಲೋಮೀಟರಿಗಿಂತ ದೂರ ಇರಬಾರದು ಅನ್ನುವುದು ಆಯೋಗದ ಸೂತ್ರ, ಒಬ್ಬರಿದ್ದರೂ ಹೋಗಬೇಕು ಅಂತ ಹಿಂದಿಯಲ್ಲಿ ಶುರು ಮಾಡಿ, ಮಧ್ಯೆ ಪದ ಸಿಗದೆ ಕನ್ನಡಕ್ಕೆ ಬಂದ. ಡ್ರೈವರ್ ತಲೆಯಾಡಿಸುತ್ತಾ ಪೂರ್ತಿ ಕೇಳಿದರು. ಅವನು ಹೇಳಿದ್ದು ಸರಿಯೇ. ಆದರೆ ಐದು ವರ್ಷಕ್ಕೊಮ್ಮೆ ಅಷ್ಟು ಹತ್ತಿರ ಬರುವ ಸರ್ಕಾರ, ಹೆರಿಗೆ ನೋವು ಬಂದ ದಿನ ಎಲ್ಲಿರುತ್ತದೆ ಅನ್ನುವ ಪ್ರಶ್ನೆಯೂ ನನಗೆ ಬಂತು. ಇಲ್ಲಿಂದ ಕಾಜಾ ಆಸ್ಪತ್ರೆಗೆ ಬಿಸಿಲಿನ ದಿನವೇ ಒಂದು ಗಂಟೆಗೂ ಜಾಸ್ತಿ ಹಿಡಿಯಿತು.

ಶುಕ್ರವಾರ: ಲೋಸರ್, ಕುಂಜುಮ್

ಲೋಸರ್ ಚೆಕ್‌ಪೋಸ್ಟಿನಲ್ಲಿ ಗಾಡಿಯ ನಂಬರ್, ನಮ್ಮ ಹೆಸರು ಬರೆಸಿದೆವು. ಅಲ್ಲಿ ಒಬ್ಬರು ಕೈ ಅಡ್ಡ ಹಾಕಿದರು. ಉಣ್ಣೆಯ ಟೋಪಿ, ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ಫೈಲು. ಕೇಲಾಂಗ್‌ಗೆ ಹೋಗಬೇಕು, ಬಸ್ಸು ತಪ್ಪಿತು ಅಂದರು. ಹತ್ತಿಸಿಕೊಂಡೆವು. ಹಿಂದೆ ವಾರ್ಡ್ ಮೆಂಬರ್ ಆಗಿದ್ದವರು. ಊರಿನ ಒಂದು ಕಾಲುವೆ ಕೆಲಸದ ಬಗ್ಗೆ ಜಿಲ್ಲಾ ಪರಿಷತ್ ಕಚೇರಿಯಲ್ಲಿ ಕೇಳಬೇಕಿತ್ತು. ಅದು ಇರುವುದು ಕೇಲಾಂಗ್‌ನಲ್ಲೇ. ಪಿಡಿಒ ಹಿಂದಿನ ಸೀಟಿಗೆ ಹೋಗಿ ಅವರ ಪಕ್ಕ ಕೂತ. ಆಮೇಲೆ ಎಸ್ಟಿಮೇಟು, ಮಸ್ಟರ್ ರೋಲು, ನರೇಗಾ ಬಾಕಿ ಅಂತ ಇಬ್ಬರೂ ಎಷ್ಟು ಮಾತಾಡಿದರು ಅಂದರೆ, ಇದಕ್ಕೆ ಭಾಷೆ ಬೇಕಿಲ್ಲ ಅನ್ನಿಸಿತು.

ಕುಂಜುಮ್‌ನಲ್ಲಿ ಗುಡಿಯನ್ನು ಒಂದು ಸುತ್ತು ಹಾಕಿದೆವು. ಪ್ರತಿ ಗಾಡಿಯೂ ಹಾಕುತ್ತದೆ. ಗಾಳಿಗೆ ಕಣ್ಣಲ್ಲಿ ನೀರು. ಇಳಿದು ಬಾತಲ್‌ನ ಢಾಬಾದಲ್ಲಿ ರಾಜ್ಮಾ ಅನ್ನ ತಿಂದೆವು. ಅಲ್ಲಿಂದ ಗ್ರಾಂಫುವರೆಗೆ ರಸ್ತೆ ಅನ್ನುವುದು ಮರ್ಯಾದೆಗೆ ಕರೆಯುವ ಹೆಸರು. ಕಲ್ಲು, ಹಳ್ಳ, ಮತ್ತೆ ಕಲ್ಲು. ಮಧ್ಯಾಹ್ನದ ಮೇಲೆ ಹಿಮ ಕರಗಿ ಹಳ್ಳಗಳಲ್ಲಿ ನೀರು ಜಾಸ್ತಿಯಾಗುತ್ತದೆ, ಲೋಸರ್‌ನಿಂದ ಬೆಳಕು ಹರಿಯುವಾಗಲೇ ಹೊರಡಬೇಕು. ಛತ್ರು ಹತ್ತಿರ ಒಂದು ಹಳ್ಳದಲ್ಲಿ ಕಾರು ಸಿಕ್ಕಿಕೊಂಡಿತು. ಪಿಡಿಒ, ಮಾಜಿ ಮೆಂಬರು, ನಾನು ಮೂವರೂ ಮೊಣಕಾಲುದ್ದ ತಣ್ಣೀರಿಗಿಳಿದು ನೂಕಿದೆವು. ಫೈಲನ್ನು ಮೆಂಬರು ತಲೆಯ ಮೇಲೆ ಇಟ್ಟುಕೊಂಡಿದ್ದರು.

ಕೋಕ್ಸರ್ ದಾಟಿ ಅಟಲ್ ಸುರಂಗದ ಉತ್ತರ ಬಾಯಿಯ ಹತ್ತಿರ ಅವರು ಇಳಿದರು. 2020ರ ಅಕ್ಟೋಬರ್‌ನಲ್ಲಿ ಈ 9 ಕಿಲೋಮೀಟರಿನ ಸುರಂಗ ತೆರೆದ ಮೇಲೆ ಲಾಹೌಲ್‌ಗೆ ಚಳಿಗಾಲದಲ್ಲೂ ಮನಾಲಿ ಹತ್ತಿರವಾಯಿತು. ಸ್ಪಿತಿಗೆ ಕುಂಜುಮ್ ಹಾಗೇ ಇದೆ.

“ಈ ಸಲ ಸಹಿ ಆಗದಿದ್ದರೆ?” ಅಂತ ಪಿಡಿಒ ಕೇಳಿದ.

“ಇನ್ನೊಂದು ಸಲ ಬರುತ್ತೇನೆ. ಕುಂಜುಮ್ ಮುಚ್ಚಿದರೆ ಶಿಮ್ಲಾ ಸುತ್ತಿಕೊಂಡು ಬರುತ್ತೇನೆ” ಅಂದರು. ಒದ್ದೆ ಪ್ಯಾಂಟು ಹಿಂಡಿಕೊಂಡು, ಕೇಲಾಂಗ್ ಕಡೆ ಹೋಗುವ ಪಿಕಪ್‌ಗೆ ಕೈ ಅಡ್ಡ ಹಾಕಿದರು.